ಮಡಿಲು ತುಂಬಿದ ಮೇಲೆ

ನಮ್ಮ ಮನೆಯ ಮೇಲಂತಸ್ತನ್ನು ಆಫೀಸಿಗೆಂದು ಬಾಡಿಗೆಗೆ ಕೇಳಲು ಆ ಮೂವರು ಬಂದಾಗ ನಾನು ಮೊದಲು ಹೇಳಿದ್ದು ಚಪ್ಪಲಿಯ ವಿಷಯ. ಮೆಟ್ಟಿಲ ಕೆಳಗೆ, ಗೋಡೆಗೆ ಒತ್ತಿ, ಸಾಲಾಗಿ ಬಿಡಬೇಕು. ಗೇಟು ತೆಗೆದವರು ಹಾಕಬೇಕು. ಮೋಟರ್ ಹಾಕಿದವರೇ ನಿಂತು ಆರಿಸಬೇಕು. ಮೂವರೂ ತಲೆಯಾಡಿಸಿದರು. ಮಾರನೆಯ ವಾರದಿಂದ ಚಪ್ಪಲಿಗಳು ಅಡ್ಡಾದಿಡ್ಡಿ ಬಿದ್ದಿರುತ್ತಿದ್ದವು. ನಾನೇ ಕಾಲಲ್ಲಿ ಸರಿಸಿ ಸಾಲು ಮಾಡುತ್ತಿದ್ದೆ.

ನಾನು ಹೆರಿಗೆ ವಾರ್ಡಿನಲ್ಲಿ ಸಿಸ್ಟರಾಗಿ ಸೇರಿ ಅಲ್ಲೇ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ಬಸವೇಶ್ವರನಗರದ ಈ ಮನೆ ಕಟ್ಟಿಸಿದ್ದೂ ಆ ಸಂಬಳದಲ್ಲೇ. ಕೆಲಸ ಬಿಟ್ಟ ದಿನ ಒಂದು ತೀರ್ಮಾನ ಮಾಡಿಕೊಂಡಿದ್ದೆ: ಇನ್ನು ಯಾರ ಹೆರಿಗೆಯ ಸುದ್ದಿಗೂ ಹೋಗುವುದಿಲ್ಲ. ಬೇಸರವೇನೂ ಇರಲಿಲ್ಲ, ಸಾಕಾಗಿತ್ತು. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಅದು. ಬೆಳಿಗ್ಗೆ ವಾಕಿಂಗ್, ತಿಂಡಿ, ಪೇಪರು, ಗಿಡಕ್ಕೆ ನೀರು, ಹೀಗೆ ಸಾಗಿದರೆ ಸಾಕು ಎನ್ನಿಸಿತ್ತು. ಬಾಡಿಗೆಗೆ ಬಂದವರ ಕೆಲಸವೂ ಬಸುರಿ ಹೆಂಗಸರದ್ದೇ ಎಂದು ತಿಳಿದಾಗ ಅಡ್ವಾನ್ಸ್ ಇಸಿದುಕೊಂಡಾಗಿತ್ತು.

ಒಬ್ಬಳು ಡಾಕ್ಟರು, ಓದು ಮುಗಿಸಿ ಬಹಳ ದಿನವಾಗಿರಲಿಲ್ಲ. ಇನ್ನೊಬ್ಬಳು ಡಿಸೈನ್ ಓದಿದವಳು. ಮೂರನೆಯವನು ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಯುವ ಬಸುರಿಯರ ಮನೆಗೆ ಹೋಗಿ ಬಿ.ಪಿ., ರಕ್ತ, ತೂಕ ನೋಡಿ, ಅಪಾಯ ಇರುವವರನ್ನು ಆಸ್ಪತ್ರೆಗೆ ಸೇರಿಸುವುದು ಅವರ ಕೆಲಸ. ಒಳ್ಳೆಯ ಮಕ್ಕಳು. ಮಧ್ಯಾಹ್ನದ ಬಿಸಿಲಲ್ಲಿ ಆ ಶೀಟಿನ ಮನೆಗಳ ನಡುವೆ ಅಲೆದು ಬಂದು, ಸಂಜೆ ಕೂತು ಯಾರಿಗೋ ವರದಿ ಬರೆಯುತ್ತಿದ್ದರು. ಮೆಟ್ಟಿಲ ಮೇಲೆ ಅವರ ಹೆಜ್ಜೆಯ ಸದ್ದು ಕೇಳಿದರೇ ಆ ದಿನ ಎಷ್ಟು ಮನೆಯವರು ಬಾಗಿಲು ತೆರೆಯಲಿಲ್ಲ ಎಂದು ನನಗೆ ಅಂದಾಜಾಗುತ್ತಿತ್ತು. ವಾರಕ್ಕೊಮ್ಮೆ ನಾನೂ ಜೊತೆಗೆ ಬರಬೇಕು ಎಂದು ಡಾಕ್ಟರ್ ಹುಡುಗಿ ಕೇಳಿದಳು. ಒಂದು ಸಲ ಅಂತ ಹೋದೆ. ಆಮೇಲೆ ಅದೇ ರೂಢಿಯಾಯಿತು.

ಒಂದು ದಿನ ಮೆಟ್ಟಿಲ ಮೇಲೆ ರಟ್ಟಿನ ಡಬ್ಬಿಗಳನ್ನು ಪೇರಿಸಿದ್ದರು. ಡಿಸೈನ್ ಹುಡುಗಿ ಒಂದನ್ನು ಬಿಚ್ಚಿ ತೋರಿಸಿದಳು. ಒಳಗೆ ಹಸಿರು ಪ್ಲಾಸ್ಟಿಕ್ ಬಳೆಗಳು, ಮಧ್ಯೆ ತೆಳುವಾದ ಬಿಳಿ ಗೆರೆ. ಬಿ.ಪಿ. ಜಾಸ್ತಿ ಇರುವ ಬಸುರಿಯ ಕೈಗೆ ಇದನ್ನು ತೊಡಿಸುವುದು. ಆ ಭಾಗದ ಆಸ್ಪತ್ರೆಗಳಿಗೆಲ್ಲ ಮೊದಲೇ ಹೇಳಿರುತ್ತಾರೆ; ಈ ಬಳೆ ಕಂಡ ಕೂಡಲೇ ಅಲ್ಲಿಯವರು ಕಾಯಿಸದೆ ಒಳಗೆ ಕರೆದುಕೊಳ್ಳಬೇಕು.

"ಕೆಂಪು ಹಾಕಿದ್ರೆ ಡೇಂಜರ್ ಅಂತ ಹೆದರ್ತಾರೆ ಆಂಟಿ. ಹಸಿರಾದ್ರೆ ಶುಭ ಅಲ್ವಾ? ನಮ್ಮ ಸಂಸ್ಕೃತಿಗೂ ಹೊಂದತ್ತೆ."

"ಇವಳು ಬೇಗ ಬಳೆ ಅಂಗಡಿ ಇಡ್ತಾಳೆ ಆಂಟಿ, ನಿಮ್ಮ ಗೇಟ್ ಪಕ್ಕದಲ್ಲೇ" ಎಂದ ಕಂಪ್ಯೂಟರ್ ಹುಡುಗ.

"ನೀನು ಸುಮ್ನಿರೋ. ನಿನ್ನ ಆ್ಯಪ್ ಓಪನ್ ಆಗೋಷ್ಟರಲ್ಲಿ ಹೆರಿಗೆ ಆಗಿ ಮಗು ಸ್ಕೂಲಿಗೆ ಹೋಗ್ತಿರತ್ತೆ."

ಸೀಮಂತ ಆದಮೇಲೆ ಬಸುರಿಯ ಎರಡೂ ಕೈ ತುಂಬ ಹಸಿರು ಗಾಜಿನ ಬಳೆಯೇ ಇರುತ್ತದಲ್ಲ ಎಂದು ನನ್ನ ಮನಸ್ಸಿಗೆ ಬಂತು. ಹೇಳಲಿಲ್ಲ. ಡಬ್ಬಿಗಳು ಬಂದು ಕೂತಿದ್ದವು, ಅವಳ ಮುಖ ಅರಳಿತ್ತು, ನನಗೆ ಅಡುಗೆ ಆಗಬೇಕಿತ್ತು.

ಆ ಬಳೆ ತೊಟ್ಟವರಲ್ಲಿ ಒಬ್ಬಳು ಕಾಮಾಕ್ಷಿಪಾಳ್ಯದ ವಠಾರವೊಂದರಲ್ಲಿ ಅತ್ತೆ, ಗಂಡನ ಜೊತೆ ಇದ್ದ ಹುಡುಗಿ. ಚೊಚ್ಚಲು. ಒಂಬತ್ತನೇ ತಿಂಗಳು ಬಿದ್ದಿತ್ತು. ಡಾಕ್ಟರ್ ಹುಡುಗಿ ಹೋದ ಸಲ ನೋಡಿದಾಗಲೇ ಬಿ.ಪಿ. ಏರಿತ್ತು, ಮಾತ್ರೆ ಕೊಟ್ಟಿದ್ದಳು. ಈ ಸಲ ಇನ್ನೂ ಏರಿತ್ತು. ಹಾಗೇ ಬಿಟ್ಟರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರಿಗೂ ಆಪತ್ತು. ಆಸ್ಪತ್ರೆಗೆ ಸೇರಿಸಲೇಬೇಕು ಎಂದು ಅತ್ತೆಯನ್ನೂ ಗಂಡನನ್ನೂ ಕೂರಿಸಿಕೊಂಡು ಎರಡೆರಡು ಸಲ ಹೇಳಿ ಬಂದಿದ್ದಳು. ಅವರು ಬೇಡ ಎನ್ನಲಿಲ್ಲ. "ಶುಕ್ರವಾರ ಸೀಮಂತ ಇಟ್ಕೊಂಡಿದೀವಿ. ಏಳನೇ ತಿಂಗಳಲ್ಲಿ ಗಾರ್ಮೆಂಟ್ಸಲ್ಲಿ ರಜಾ ಕೊಡ್ಲಿಲ್ಲ. ಅದೊಂದು ಮುಗೀಲಿ ಮೇಡಂ. ನೀವೂ ಬನ್ನಿ, ದೊಡ್ಡ ಸಿಸ್ಟರನ್ನೂ ಕರ್ಕೊಂಡು ಬನ್ನಿ" ಎಂದಿದ್ದರು.

ಹೋದೆವು. ವಠಾರದ ಮುಂದಿನ ಓಣಿಗೆ ಶಾಮಿಯಾನ ಕಟ್ಟಿದ್ದರು. ಹುಡುಗಿ ರೇಷ್ಮೆ ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದಳು. ಮುಖ ಊದಿತ್ತು. ಹೂವು, ಅರಿಶಿನದ ನಡುವೆ ಅದು ಬೇರೆಯವರಿಗೆ ಕಳೆ ಬಂದ ಹಾಗೆ ಕಂಡಿರಬೇಕು. ಬಳೆ ತೊಡಿಸುವವಳು ಅವಳ ಬೆರಳುಗಳನ್ನು ಒಟ್ಟು ಮಾಡಿ ಹಿಂಡಿ ಹಿಂಡಿ ಬಳೆ ಏರಿಸುತ್ತಿದ್ದಳು.

"ಏನೇ ಇದು, ಅತ್ತೆ ಮನೆ ಮುದ್ದೆ ಚೆನ್ನಾಗೇ ಹತ್ತಿದೆ ಕಣೇ ನಿಂಗೆ! ಬಳೆನೇ ಏರ್ತಿಲ್ಲ" ಎಂದಳು ನಾದಿನಿ. ಎಲ್ಲರೂ ನಕ್ಕರು. ಹುಡುಗಿಯೂ ನಗಲು ನೋಡಿದಳು.

ಬಿಳಿ ಗೆರೆಯ ಬಳೆ ಅವಳ ಕೈಯಲ್ಲಿ ಇರಲಿಲ್ಲ. ಡಿಸೈನ್ ಹುಡುಗಿ ಮೆಲ್ಲಗೆ ಕೇಳಿದ್ದಕ್ಕೆ ಅತ್ತೆ, "ಶುಭದ ದಿನ ಪ್ಲಾಸ್ಟಿಕ್ ಯಾಕಮ್ಮಾ, ತೆಗೆದಿಟ್ಟಿದೀನಿ. ಗಾಜಿಂದೇ ಇಷ್ಟೊಂದಿದೆಯಲ್ಲ" ಎಂದರು.

ಡಾಕ್ಟರ್ ಹುಡುಗಿ ಅಕ್ಷತೆ ಹಾಕುವ ನೆಪದಲ್ಲಿ ಬಗ್ಗಿ, "ತಲೆನೋವಿದೆಯಾ?" ಎಂದು ಕೇಳಿದಳು.

"ನಿನ್ನೆಯಿಂದ ಸಿಡೀತಿದೆ ಮೇಡಂ. ಕಣ್ಮುಂದೆ ಮಿಂಚು ಹೊಡ್ದಂಗೆ ಆಗತ್ತೆ."

ಆರತಿ ಮುಗಿಯುವವರೆಗೆ ಡಾಕ್ಟರ್ ಹುಡುಗಿ ನಿಂತ ಕಡೆ ನಿಲ್ಲಲಿಲ್ಲ. ಮಡಿಲು ತುಂಬಿದ್ದಾದ ಮೇಲೆ ಒಳಗಿನ ಕೋಣೆಯಲ್ಲಿ ಬಿ.ಪಿ. ನೋಡಿದಳು. ನೋಡಿ ಹೊರಬಂದವಳ ಮುಖ ಕಂಡೇ ನಾನು ಚಪ್ಪಲಿ ಹಾಕಿಕೊಂಡೆ. ಅವಳು ನೇರ ಅತ್ತೆಯ ಹತ್ತಿರ ಹೋಗಿ, ಈಗಿಂದೀಗಲೇ ಹೊರಡಬೇಕು, ಊಟಕ್ಕೂ ಕಾಯಬಾರದು ಎಂದಳು.

"ನನ್ನ ಯಾಕೆ ಕೇಳ್ತೀರ ಮೇಡಂ?" ಎಂದರು ಅತ್ತೆ. ಕೋಪದಿಂದಲ್ಲ, ಗೊತ್ತಿರುವ ಮಾತನ್ನೇ ಮತ್ತೆ ಹೇಳುವವರ ಹಾಗೆ. "ಮಡಿಲು ತುಂಬಿ ಕೊಟ್ಟಾಯ್ತಲ್ಲ. ಇನ್ನು ಹೆರಿಗೆ, ಬಾಣಂತನ ಎಲ್ಲ ಅವರಮ್ಮಂದು. ನಾನು ಆಸ್ಪತ್ರೆಗೆ ಹಾಕಿದ್ರೆ ತವರಿನವರಿಗೆ ಏನು ಮರ್ಯಾದೆ? ಅವರನ್ನ ಕೇಳಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವಾರ ಅವರು ಅತ್ತೆಯ ಮನ ಒಲಿಸಿದ್ದರು, ಗಂಡನಿಗೆ ಫೋನ್ ಮಾಡಿದ್ದರು, ಗಾರ್ಮೆಂಟ್ಸಿನ ಸೂಪರ್‌ವೈಸರನ ಹತ್ತಿರವೂ ಮಾತಾಡಿದ್ದರು. ಹುಡುಗಿಯ ತಾಯಿಯನ್ನು ಒಮ್ಮೆಯೂ ನೋಡಿರಲಿಲ್ಲ. ತವರು ಕೆಂಗೇರಿ ಆಚೆಯ ಹಳ್ಳಿ. ಅವರ ಕೆಲಸದ ಎಲ್ಲೆ ಅಷ್ಟು ದೂರ ಹೋಗುತ್ತಿರಲಿಲ್ಲ. ಚೊಚ್ಚಲ ಬಸುರಿ ಕೊನೆಗೆ ಸೇರುವುದು ಎಲ್ಲಿಗೆ ಎಂದು ಇಲ್ಲಿ ಹುಟ್ಟಿ ಬೆಳೆದ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಮೂವರಿಗೂ ಗೊತ್ತಿತ್ತು. ಕೆಲಸದ ಲೆಕ್ಕದಲ್ಲಿ ಮಾತ್ರ ಅದು ಎಲ್ಲೂ ಬಂದಿರಲಿಲ್ಲ.

ತಾಯಿ ಮೂಲೆಯಲ್ಲಿ ತಾಂಬೂಲದ ಚೀಲ ಕಟ್ಟುತ್ತಿದ್ದರು.

"ಬಿ.ಪಿ.ನಾ? ನಂಗ್ಯಾರೂ ಹೇಳ್ಲೇ ಇಲ್ಲ" ಎಂದರು. ಮಗಳ ಕಡೆ ನೋಡಿದರು. "ನೀನಾದ್ರೂ ಹೇಳ್ಬಾರ್ದೇನೇ?"

"ನೀನು ಗಾಬರಿ ಆಗ್ತೀಯ ಅಂತ ಸುಮ್ನಿದ್ದೆ ಕಣಮ್ಮ."

ತಾಯಿ ಆಸ್ಪತ್ರೆಗೆ ಒಪ್ಪಿದರು. ಆದರೆ ಮೊದಲು ಮಗಳು ತವರ ಹೊಸ್ತಿಲು ದಾಟಬೇಕು, ಆರತಿ ಎತ್ತಿ ದೇವರಿಗೆ ಕೈ ಮುಗಿಸಿ ತಕ್ಷಣ ಹೊರಡಿಸುತ್ತೇನೆ ಎಂದರು. ಮಡಿಲು ತುಂಬಿಕೊಂಡು ಹೊರಟವಳು ನಡುದಾರಿಯಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತಬಾರದು ಎಂದರು. ಡಾಕ್ಟರ್ ಹುಡುಗಿ ಬೇಡಿಕೊಂಡಳು, ಸ್ವಲ್ಪ ಗದರಿಯೂ ನೋಡಿದಳು. ಆಗಲಿಲ್ಲ. ನಾನು ಹೇಳಿದರೂ ಆಗಲಿಲ್ಲ. ವಾರ್ಡಿನಲ್ಲಿ ನನ್ನ ಮಾತು ನಡೆಯುತ್ತಿದ್ದದ್ದು ಯೂನಿಫಾರಂ ಇದ್ದದ್ದಕ್ಕೆ. ಕಡೆಗೆ, ತವರಿನವರು ತಂದಿದ್ದ ಬಾಡಿಗೆ ಕಾರಿನಲ್ಲೇ ನಾವೂ ಬರುತ್ತೇವೆ ಎಂದು ಡಾಕ್ಟರ್ ಹುಡುಗಿ ಹಿಂದಿನ ಸೀಟಿನಲ್ಲಿ ಹುಡುಗಿಯ ಪಕ್ಕ ಕೂತಳು. ಇನ್ನೊಂದು ಪಕ್ಕಕ್ಕೆ ತಾಯಿ, ಮುಂದೆ ನಾನು. ಉಳಿದಿಬ್ಬರು ಸ್ಕೂಟರಿನಲ್ಲಿ ಹಿಂದೆ ಬಂದರು. ಗಂಡ ಪಾತ್ರೆಗಳನ್ನೂ ಚೀಲಗಳನ್ನೂ ಆಟೋಗೆ ತುಂಬಿಸುತ್ತ ಅಲ್ಲೇ ಉಳಿದ.

ನಾಯಂಡಹಳ್ಳಿಯಲ್ಲಿ ಗಾಡಿಗಳು ನಿಂತುಬಿಟ್ಟಿದ್ದವು. ಮೇಲೆ ಮೆಟ್ರೋ ಹೋಯಿತು. "ಅಮ್ಮಾ, ಕಣ್ಣು ಕತ್ತಲೆ" ಎಂದಳು ಹುಡುಗಿ. ಅಷ್ಟೇ. ಕೈಕಾಲು ಸೆಟೆದು ಅದುರತೊಡಗಿದವು, ಬಳೆಗಳು ಜಲಜಲ ಅಂದವು. ತಾಯಿ ಕೂಗುತ್ತ ಸೊಂಟದ ಬೀಗದಕೈ ಗೊಂಚಲು ಕಿತ್ತು ಮಗಳ ಕೈಗೆ ಒತ್ತಿದರು.

"ಕೈಗೆ ಬೇಕಾದ್ರೆ ಕೊಡಿ, ಬಾಯಿಗೆ ಮಾತ್ರ ಏನೂ ಇಡ್ಬೇಡಿ" ಎಂದಳು ಡಾಕ್ಟರ್ ಹುಡುಗಿ. ಹುಡುಗಿಯನ್ನು ಎಡಮಗ್ಗುಲಿಗೆ ಹೊರಳಿಸಿ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡಳು. ಸ್ಕೂಟರ್ ಮುಂದೆ ನುಗ್ಗಿತು. ಕಂಪ್ಯೂಟರ್ ಹುಡುಗ ಇಳಿದು ಬಸ್ಸಿನವನನ್ನೂ ಲಾರಿಯವನನ್ನೂ ಕೈ ಮುಗಿದು ಸರಿಸಿದ. "ಮೊದಲು ಆಸ್ಪತ್ರೆಗೆ ಹೊಡೀರಪ್ಪ" ಎಂದು ಡ್ರೈವರಿಗೆ ಕೂಗಿದ್ದು ತಾಯಿಯೇ.

ಆಸ್ಪತ್ರೆ ಮೈಸೂರು ರಸ್ತೆಯಲ್ಲೇ ಇತ್ತು. ಒಳಗೆ ಬೇಗ ಕರೆದುಕೊಂಡರು. ಫಿಟ್ಸ್ ಕಂಡ ಮೇಲೆ ಯಾವ ಗುರುತೂ ಬೇಕಾಗಲಿಲ್ಲ. ಡ್ರಿಪ್ ಹಾಕಲು ಕೈ ಹಿಡಿದ ಸಿಸ್ಟರ್, "ಇಷ್ಟೊಂದು ಬಳೆನಾ? ತೆಗೀರಿ, ಥಿಯೇಟರಿಗೆ ಹೋಗ್ಬೇಕು" ಎಂದಳು. ಊದಿದ ಕೈ, ಒಂದೂ ಹೊರಬರಲಿಲ್ಲ. ಸೋಪು ನೀರು ಹಚ್ಚಿ ನೋಡಿದೆವು, ಆಗಲಿಲ್ಲ. ಒಡೆಯಬೇಕು. ತಾಯಿ ಕೈ ಅಡ್ಡ ಹಿಡಿದರು.

"ಮುತ್ತೈದೆ ಕೈ ಬಳೆ ಒಡೀಬೇಡಿ. ಇವತ್ತೇ ತೊಡ್ಸಿರೋದು. ದಮ್ಮಯ್ಯ ಅಂತೀನಿ."

ಸಿಸ್ಟರ್ ಗಡಿಯಾರ ನೋಡಿದಳು. ತಾಯಿ ತಮ್ಮ ಸೆರಗನ್ನು ಮಗಳ ಮಣಿಕಟ್ಟಿನ ಮೇಲೆ ಹೊದಿಸಿ ಮುಖ ಗೋಡೆಗೆ ತಿರುಗಿಸಿಕೊಂಡರು. ಡಾಕ್ಟರ್ ಹುಡುಗಿ ಸೆರಗಿನ ಮೇಲಿಂದ ಒಂದೊಂದಾಗಿ ಒತ್ತಿ ಒಡೆದಳು. ಡಿಸೈನ್ ಹುಡುಗಿ ಕೆಳಗೆ ಪೇಪರು ಹಿಡಿದು ಚೂರುಗಳನ್ನು ಆಯ್ದುಕೊಂಡಳು. ಎಲ್ಲ ಮುಗಿಯುವವರೆಗೆ ಅವಳು ತಲೆ ಎತ್ತಲಿಲ್ಲ.

ಸಿಸೇರಿಯನ್ ಆಯಿತು. ಮಗು ಹೆಣ್ಣು, ಸಣ್ಣದು, ಅತ್ತಿತು. ಬೆಚ್ಚಗಿನ ಪೆಟ್ಟಿಗೆಗೆ ಹಾಕಿದರು. ಹುಡುಗಿಗೆ ಎಚ್ಚರವಾಗಲಿಲ್ಲ. ಬಿ.ಪಿ. ಇನ್ನೂ ಇಳಿದಿಲ್ಲ, ಮತ್ತೆ ಫಿಟ್ಸ್ ಬರಬಹುದು, ನಾಳೆಯವರೆಗೆ ಏನೂ ಹೇಳಲಾಗುವುದಿಲ್ಲ ಎಂದರು. ಈ ಮಾತನ್ನು ನಾನೇ ಎಷ್ಟು ಜನಕ್ಕೆ ಹೇಳಿದ್ದೇನೋ. ಹೇಳಿದ ಮೇಲೆ ಅವರು ಎಲ್ಲಿ ಹೋಗಿ ಕೂರುತ್ತಿದ್ದರು ಎಂದು ನೋಡಿದವಳಲ್ಲ. ಹೊರಗೆ ನೆಲದ ಮೇಲೆ ಕೂರುತ್ತಾರೆ. ನಾನೂ ಕೂತೆ. ರಾತ್ರಿ ಮನೆಗೆ ಹೊರಡುವಾಗ ಮಂಡಿ ನೋವಿಗೆ ಏಳಲಾಗದೆ, ಕಂಪ್ಯೂಟರ್ ಹುಡುಗ ಕೈ ಹಿಡಿದು ಎಬ್ಬಿಸಿದ.

ಮರುದಿನ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವಾಗ ಮೆಟ್ಟಿಲ ಕೆಳಗೆ ಒಂದೇ ಜೊತೆ ಚಪ್ಪಲಿ ಇತ್ತು. ಡಾಕ್ಟರ್ ಹುಡುಗಿ ಬಳೆಯ ಡಬ್ಬಿಗಳ ಮಧ್ಯೆ ಕೂತಿದ್ದಳು.

"ಬಿಟ್ಬಿಡ್ತೀನಿ ಆಂಟಿ. ಕ್ಲಿನಿಕ್ಕಲ್ಲಿ ಕೂತ್ರೆ ಬಂದವರನ್ನ ನೋಡಿ ಕಳಿಸ್ಬಹುದು. ಇಲ್ಲಿ ಎಲ್ಲ ಗೊತ್ತಿದ್ದೂ ಏನೂ ಮಾಡಕ್ಕಾಗಲ್ಲ. ಅವಳಮ್ಮನಿಗೆ ಒಂದು ಫೋನ್ ಮಾಡಿದ್ರೆ ಸಾಕಿತ್ತು."

ಅದು ನಿಜವಾಗಿತ್ತು. ಇಲ್ಲ ಎಂದು ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ. "ಬಿಡೋದು ಆಮೇಲೆ. ಮುಖ ತೊಳ್ಕೋ, ಇಡ್ಲಿ ಇದೆ. ಹತ್ತು ಗಂಟೆಗೆ ಒಳಗೆ ಬಿಡ್ತಾರೆ" ಎಂದೆ.

ಅವಳು ತಿಂದಳು. ತಿನ್ನುತ್ತಲೇ ಫೋನ್ ತೆಗೆದು, ತಮ್ಮಲ್ಲಿರುವ ಬೇರೆ ಚೊಚ್ಚಲ ಬಸುರಿಯರ ತವರು ಎಲ್ಲಿ, ತಾಯಿಯ ನಂಬರೇನು ಎಂದು ಇವತ್ತೇ ವಿಚಾರಿಸುವಂತೆ ಉಳಿದಿಬ್ಬರಿಗೂ ಹೇಳಿದಳು. ಬಿಡುವ ವಿಷಯ ಮತ್ತೆ ಎತ್ತಲಿಲ್ಲ. ಬಿಡುವುದಿಲ್ಲ ಎಂದೂ ಹೇಳಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಅತ್ತೆ, ತಾಯಿ ಇಬ್ಬರೂ ಇದ್ದರು. ಒಂದೇ ಬೆಂಚು, ನಡುವೆ ಊಟದ ಕ್ಯಾರಿಯರ್. ಬಳೆ ಒಡೆದ ಸುದ್ದಿ ಅತ್ತೆಗೆ ಮುಟ್ಟಿತ್ತು. ನಮ್ಮನ್ನು ನೋಡಿ ಮುಖ ತಿರುಗಿಸಿದರು. ತಾಯಿ ಮಾತ್ರ ಎದ್ದು ಬಂದು ಡಾಕ್ಟರ್ ಹುಡುಗಿಯ ತೋಳು ಹಿಡಿದುಕೊಂಡು ಒಳಗೆ ನಡೆದರು.

ಹುಡುಗಿ ಕಣ್ಣು ಮುಚ್ಚಿ ಮಲಗಿದ್ದಳು. ತಾಯಿ ಹೆಸರು ಹಿಡಿದು ಕೂಗಿದರು. ಏನೂ ಇಲ್ಲ. ಇನ್ನೊಂದು ಸಲ ಕೂಗಿದರು. ರೆಪ್ಪೆ ಅಲುಗಿತು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, ಮೊದಲು ಸೂರು, ಆಮೇಲೆ ನಮ್ಮನ್ನು ನೋಡಿದಳು. ಡಾಕ್ಟರ್ ಹುಡುಗಿ ಬಗ್ಗಿ, "ನಾನ್ಯಾರು ಗೊತ್ತಾಯ್ತಾ?" ಎಂದಳು. ಹುಡುಗಿ ಮೈಮೇಲಿದ್ದ ಆಸ್ಪತ್ರೆಯ ಅಂಗಿಯನ್ನು ಬೆರಳಲ್ಲಿ ಮುಟ್ಟಿ ನೋಡಿಕೊಂಡಳು.

"ಅಮ್ಮಾ, ಸೀರೆ ಎಲ್ಲಿ? ಅದು ನಾದಿನೀದು ಕಣಮ್ಮ. ಕೊಳೆ ಮಾಡಿದ್ರೆ ಬಯ್ತಾಳೆ."

ತಾಯಿ ಅಲ್ಲೇ ಮಂಚದ ಸರಳು ಹಿಡಿದು ಕುಸಿದು ಕೂತು ಅಳತೊಡಗಿದರು. ಡಾಕ್ಟರ್ ಹುಡುಗಿ ನನ್ನ ಕಡೆ ತಿರುಗಿದಳು. ನಾನು ಹುಡುಗಿಯ ಹೊದಿಕೆಯ ಮೂಲೆಗಳನ್ನು ಸರಿಮಾಡಿ ಹಾಸಿಗೆಯ ಕೆಳಗೆ ಸಿಕ್ಕಿಸಿ ಹೊರಗೆ ಬಂದೆ. ಅವಳಿಗೆ ಎಚ್ಚರವಾಯಿತು ಎಂದು ಅತ್ತೆಗೂ ಯಾರಾದರೂ ಹೇಳಬೇಕಿತ್ತು.