ಅಮಾವಾಸ್ಯೆ ಲೀಗಿನ ಮುಕಾದಮರು

ಅವರ ಕತ್ತಿನ ಹಿಂದೆ, ಬೆನ್ನು ಶುರುವಾಗುವ ಕಡೆ, ಅಂಗೈಯಗಲದ ಒಂದು ಗಡ್ಡೆಯಿತ್ತು. ಅಲ್ಲಿ ಚರ್ಮ ಕಪ್ಪಾಗಿ, ಒರಟಾಗಿ, ನೊಗ ಹೊತ್ತ ಎತ್ತಿನ ಹೆಗಲಿನಂತೆ ದಪ್ಪಗಟ್ಟಿತ್ತು. ಮೂವತ್ತು ವರ್ಷ ಅಕ್ಕಿ ಚೀಲ ಕೂತ ಜಾಗ ಅದು. ಕಾಲರು ಅದರ ಮೇಲೆ ನಿಲ್ಲುತ್ತಿರಲಿಲ್ಲವೆಂದು ಕಾಲರಿಲ್ಲದ ಅಂಗಿಯನ್ನೇ ಹೊಲಿಸುತ್ತಿದ್ದರು. ಯಾರಾದರೂ ದಿಟ್ಟಿಸಿ ನೋಡಿದರೆ ಬೆನ್ನು ತಿರುಗಿಸಿ ತೋರಿಸುವರು. "ಮುಟ್ಟಿ ನೋಡ್ರಿ. ಗಂಗಾವತಿ ಅಕ್ಕಿ ಎಲ್ಲೆಲ್ಲಿ ಹೋಗೈತೋ, ಇದರ ಮ್ಯಾಲಿಂದನ ಹೋಗೈತಿ."

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಅವರು ಹಮಾಲರ ಮುಕಾದಮರು. ಲಾರಿಗೆ ಚೀಲ ಹೇರುವ ಇಪ್ಪತ್ತು ಜನರ ಮುಂದಾಳು. ನಾನು ಅದೇ ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಹಂಗಾಮಿ ಡ್ರಿಲ್ ಮಾಸ್ತರ. ಗಿರಣಿಯ ಹಿಂದಿನ ಓಣಿಯಲ್ಲಿ ನಮ್ಮಿಬ್ಬರ ಮನೆ ಎದುರುಬದುರು.

ಓಣಿಯವರು ಅವರ ಬಗ್ಗೆ ಮೊದಲು ಹೇಳುತ್ತಿದ್ದ ಸಂಗತಿ ಕೊಪ್ಪಳ ಜಿಲ್ಲೆಯಾದ 1997ರದ್ದು. ಆ ವರ್ಷ ಹುಲಿಹೈದರ ಹಳ್ಳಿಯ ಹಮಾಲನೊಬ್ಬ ನೂರು ಕಿಲೋ ಚೀಲದಡಿ ಕುಸಿದು ನಡ ಮುರಿದುಕೊಂಡ. ಮರುದಿನ ಮುಕಾದಮರು ಅಂಥದೇ ಒಂದು ಚೀಲವನ್ನು ಸಾಹುಕಾರರ ಕುರ್ಚಿಯ ಮುಂದೆ ತಂದಿಟ್ಟರು. "ಸಾಹುಕಾರ್ರ, ಇದನ್ನ ಲಾರಿ ತನಕ ಒಯ್ದು ತೋರಸ್ರಿ. ನೀವು ಒಯ್ದ್ರ ನಾವೂ ಒಯ್ತೀವಿ" ಎಂದು ಎದುರಿಗೇ ಕೂತುಬಿಟ್ಟರು. ಹನ್ನೊಂದು ದಿನ ಆ ಗಿರಣಿಯಿಂದ ಲಾರಿ ಹೊರಡಲಿಲ್ಲ. ಹನ್ನೆರಡನೆಯ ದಿನ ಚೀಲದ ತೂಕ ಇಳಿಯಿತು.

ಅದಾಗಿ ಹದಿನೈದು ವರ್ಷದ ಮೇಲೆ ನಾನು ಹೈದರಾಬಾದಿನ ಒಂದು ತರಬೇತಿ ಶಿಬಿರಕ್ಕೆ ಹೋಗಿ ಬಂದೆ. ನಮ್ಮ ದೇಶದಲ್ಲೂ ಅಮೆರಿಕನ್ ಫುಟ್‌ಬಾಲ್ ಲೀಗ್ ಶುರುವಾಗಲಿದೆ, ಊರೂರಿನಲ್ಲಿ ಆಟಗಾರರನ್ನು ತಯಾರು ಮಾಡಿ ಎಂದು ಒಂದು ಚೆಂಡು ಕೊಟ್ಟು ಕಳಿಸಿದ್ದರು. ಕಾಲೇಜಿನ ಹುಡುಗರು ಎರಡು ದಿನ ಆಡಿ, ಮೈಕೈ ನೋವೆಂದು ಕ್ರಿಕೆಟ್ಟಿಗೆ ಮರಳಿದರು. ಮನೆಯ ಕಟ್ಟೆಯ ಮೇಲೆ ಬಿದ್ದಿದ್ದ ಚೆಂಡನ್ನು ಮುಕಾದಮರು ಎತ್ತಿಕೊಂಡರು.

"ಇದೇನ್ರಿ ಮಾಸ್ತರ, ಎರಡೂ ಕಡಿ ಮೂತಿ?"

ಆಟ ಹೇಗೆಂದು ಹೇಳಿದೆ. ಹೆಸರು ಫುಟ್‌ಬಾಲ್ ಆದರೂ ಒದೆಯುವುದು ಕಡಿಮೆ. ಚೆಂಡು ಹಿಡಿದು ಎದುರಾಳಿಗಳ ಕೊನೆಯ ಗೆರೆ ದಾಟಬೇಕು. ಜೊತೆಯವರು ಸಾಲಾಗಿ ಬಗ್ಗಿ ನಿಂತು, ಅಡ್ಡ ಬಂದವರನ್ನು ಡಿಕ್ಕಿ ಹೊಡೆದು ತಡೆಯಬೇಕು. ನಾಲ್ಕು ಸರತಿಯೊಳಗೆ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಆಚೆಯವರಿಗೆ.

"ನಾಕು ಸರತಿ ಕೊಡ್ತಾರಾ? ಭಾಳ ಆತು ಬಿಡ್ರಿ. ನಮಗ ಒಂದಕ್ಕಿಂತ ಹೆಚ್ಚಿಗಿ ಯಾರ ಕೊಟ್ಟಾರ?" ಎಂದವರು ಸ್ವಲ್ಪ ಹೊತ್ತು ಚೆಂಡನ್ನು ತಿರುಗಿಸುತ್ತ ಕೂತರು. "ಹೊತ್ಕೊಂಡು ಒಯ್ದು ಆ ಕಡಿ ಇಳಸೂದು. ಇದು ನಮ್ಮ ಕೆಲಸಾನ ಐತೆಲ್ರಿ."

ಅಮಾವಾಸ್ಯೆಗೆ ಗಿರಣಿ ಬಂದ್. ಆ ದಿನ ಬೆಳಿಗ್ಗೆ ಕಾಲುವೆ ಪಕ್ಕದ, ಭತ್ತ ಕೊಯ್ದ ಗದ್ದೆಗೆ ಹದಿನಾಲ್ಕು ಹಮಾಲರು ಬಂದರು. ಈ ಆಟಕ್ಕೆ ಬೇಕಾದ ಶಿರಸ್ತ್ರಾಣ ಎಲ್ಲಿಂದ ತರುವುದು? ಚೀಲ ಹೊರುವಾಗ ತಲೆ ಮೇಲೆ ಇಳಿಬಿಟ್ಟುಕೊಳ್ಳುವ ಗೋಣಿಯ ಕೊಪ್ಪೆಗೇ ಹತ್ತಿ ತುಂಬಿ ಹೊಲಿದಿದ್ದರು. ತಲೆಗೆ ತಲೆ ಹಾಯಿಸಿದವನು ಆ ದಿನದ ಆಟದಿಂದ ಹೊರಗೆ ಎಂಬ ನಿಯಮವನ್ನು ಮುಕಾದಮರೇ ಮಾಡಿದರು. ವಾರಕ್ಕೊಮ್ಮೆ ಹೇಮಗುಡ್ಡದ ಏರಿನಲ್ಲಿ ಓಡಿಸಿದರು. ಮೂರು ತಿಂಗಳಲ್ಲಿ ಅವರ ಸಾಲು ಒಂದಾಗಿ ಬಗ್ಗಿ, ಒಂದಾಗಿ ಏಳತೊಡಗಿತು.

ಆಗಲೇ ಕಾಗದ ಬಂತು. ಲೀಗಿಗೆ ಆಟಗಾರರನ್ನು ಆರಿಸುವ ಇಬ್ಬರು ಕೊಪ್ಪಳಕ್ಕೆ ಬರುತ್ತಾರೆ, ಹನ್ನೊಂದು ಹೆಸರಿನ ಯಾದಿ ಕಳಿಸಿ ಎಂದು. ಕಾಲೇಜಿನ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. "ಹಮಾಲರನ್ನ ಕಳಿಸಿದ್ರ ಕಾಲೇಜಿನ ಮರ್ಯಾದಿ ಏನಾತು? ನಮ್ಮ ಹುಡುಗರ ಹೆಸರು ಬರೀರಿ. ನಿಮ್ಮ ಮುಂದಿನ ವರ್ಷದ ಆರ್ಡರು ಇಲ್ಲೇ ಐತಿ" ಎಂದು ಮೇಜಿನ ಖಾನೆ ತಟ್ಟಿದರು.

ನಾನು ಬರೆದೆ. ಕೆಳಗೆ ತರಬೇತುದಾರನೆಂದು ನನ್ನ ಸಹಿಯನ್ನೂ ಹಾಕಿದೆ. ಹತ್ತು ದಿನ ಓಣಿಯಲ್ಲಿ ತಲೆ ತಗ್ಗಿಸಿ ಓಡಾಡಿದೆ.

ಆಯ್ಕೆಯ ದಿನ ಕಾಲೇಜಿನ ಹುಡುಗರೊಂದಿಗೆ ಕೊಪ್ಪಳದ ಮೈದಾನಕ್ಕೆ ಹೋದರೆ, ಅಲ್ಲಿ ಬೇವಿನ ಗಿಡದ ಕೆಳಗೆ ಮುಕಾದಮರೂ ಅವರ ಹತ್ತು ಜನರೂ ಕೊಪ್ಪೆ ಹಿಡಿದು ಕೂತಿದ್ದರು. ಸುದ್ದಿ ಹೇಗೋ ಮುಟ್ಟಿತ್ತು. ಬೈಯುತ್ತಾರೆಂದುಕೊಂಡೆ.

"ಯಾದಿ ಓದ್ರಿ ಮಾಸ್ತರ. ನಮಗ ಓದಾಕ ಬರೂದಿಲ್ಲ" ಎಂದರು.

ಕೆಳಗಿನ ನನ್ನ ಹೆಸರಿನವರೆಗೂ ಓದಿದೆ. ಒಬ್ಬೊಬ್ಬರೂ ತಮ್ಮ ಹೆಸರು ಬರಬಹುದೆಂದು ಕೊನೆಯವರೆಗೆ ಕಾಯುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು.

"ನಿಮ್ಮ ಹೆಸರು ಮಾತ್ರ ಐತಿ" ಎಂದರು ಮುಕಾದಮರು. ಎದ್ದು ನೇರವಾಗಿ ಆಯ್ಕೆಗೆ ಬಂದ ಆ ಇಬ್ಬರು ಅತಿಥಿಗಳ ಹತ್ತಿರ ಹೋದರು. "ಸಾಹೇಬ್ರ, ಯಾದ್ಯಾಗಿರೋ ಹುಡುಗರ ಜೋಡಿ ನಾವು ಒಂದು ಆಟ ಆಡ್ತೀವಿ. ನೋಡಿ ಆಮ್ಯಾಲ ಏನರ ಬರ್ಕೋರಿ."

ಅಲ್ಲಿಗೆ ಬಂದಿದ್ದ ಕಾಲೇಜಿನ ಕಾರ್ಯದರ್ಶಿಗಳು ದೂರದಿಂದಲೇ ನನಗೆ ಬೇಡವೆಂದು ಕೈಸನ್ನೆ ಮಾಡಿದರು. ನಾನು ಸೀಟಿ ಬಾಯಿಗಿಟ್ಟು ಊದಿದೆ. ನನ್ನ ಬದುಕಿನಲ್ಲಿ ಧೈರ್ಯವೆಂದು ಹೇಳಿಕೊಳ್ಳಬಹುದಾದದ್ದು ಏನಾದರೂ ಇದ್ದರೆ ಆ ಒಂದು ಉಸಿರು.

ಅರ್ಧ ತಾಸು ಆಡಿದರು. ಹುಡುಗರು ನಡುಗೆರೆ ದಾಟಲಿಲ್ಲ. ಹಮಾಲರು ಐದು ಸಲ ಚೆಂಡನ್ನು ಆ ಕಡೆ ಇಳಿಸಿದರು. ಅತಿಥಿಗಳಲ್ಲಿ ಹಿರಿಯರು ಎದ್ದು ನಿಂತು ನೋಡಿದರು. ಆದರೆ ಕೊನೆಗೆ ಬಂದು, ಹತ್ತನೇ ತರಗತಿ ಪಾಸಾದ ಪ್ರಮಾಣಪತ್ರ ಬೇಕು, ವಯಸ್ಸಿನ ಮಿತಿ ಇದೆ, ನಮ್ಮ ಕೈಯಲ್ಲೇನಿಲ್ಲ ಎಂದರು.

ಮುಕಾದಮರು ಕೊಪ್ಪೆ ತೆಗೆದು ಬೆವರೊರೆಸಿಕೊಂಡರು. "ಬ್ಯಾಡ್ರಿ. ನಮ್ಮ ಲೀಗ್ ನಾವ ಮಾಡ್ಕೋತೀವಿ."

ಸಿಟ್ಟಿಗೆ ಆಡಿದ ಮಾತೆಂದು ನಾನು ತಿಳಿದೆ. ಅವರು ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಿದ್ದ ಕೊಪ್ಪಳದ ಗೂಡ್ಸ್ ಶೆಡ್ಡಿನ ಹಮಾಲರ ಕಡೆ ತಿರುಗಿ, "ಮುಂದಿನ ಅಮಾವಾಸಿಗಿ ಬರ್ತೀರೇನು?" ಎಂದು ಆಗಲೇ ಕೇಳುತ್ತಿದ್ದರು.

ಹೀಗೆ ನಾಲ್ಕು ಊರಿನ ಲೀಗ್ ಶುರುವಾಯಿತು. ಗಂಗಾವತಿ, ಕೊಪ್ಪಳದ ಹಮಾಲರು, ಕುಷ್ಟಗಿಯ ಕಲ್ಲು ಕ್ವಾರಿಯವರು, ಯಲಬುರ್ಗಾದ ಪರವಾಗಿ ಆ ಸೀಮೆಯ ಮಂಗಳೂರೆಂಬ ಹಳ್ಳಿಯ ಕುರಿಗಾರರು. ಕುರಿಗಾರರ ಓಟಕ್ಕೆ ಯಾರೂ ಸಾಟಿಯಿರಲಿಲ್ಲ, ಕ್ವಾರಿಯವರ ಡಿಕ್ಕಿಗೆ ಯಾರೂ ನಿಲ್ಲುತ್ತಿರಲಿಲ್ಲ. ಒಮ್ಮೆ ಪೊಲೀಸನೊಬ್ಬ ಬಂದು ಇದಕ್ಕೆ ಪರವಾನಗಿ ಇದೆಯೇ ಎಂದು ಕೇಳಿದ. "ಚೀಲ ಹೊರಾಕ ಯಾರೂ ಪರವಾನಗಿ ಕೇಳಲಿಲ್ಲ, ಚೆಂಡು ಹೊರಾಕ ಯಾಕ್ರಿ?" ಎಂದರು ಮುಕಾದಮರು. ಆತ ನಕ್ಕು ಬದುವಿನ ಮೇಲೆ ಕೂತು ಕೊನೆಯವರೆಗೆ ಆಟ ನೋಡಿದ.

ನನಗೆ ಮರುವರ್ಷ ಆರ್ಡರು ಬರಲಿಲ್ಲ. ವಾರವಿಡೀ ಬಾಗಿಲು ಹಾಕಿಕೊಂಡು ಮನೆಯಲ್ಲಿದ್ದೆ. ಮುಕಾದಮರು ಬಂದು ಹೊಸ್ತಿಲಲ್ಲಿ ನಿಂತರು. ಯಾದಿಯ ಮಾತನ್ನು ಅವರು ಆ ದಿನದ ನಂತರ ಒಮ್ಮೆಯೂ ಎತ್ತಿರಲಿಲ್ಲ. "ಕೆಲಸ ಹೋತಂತ ಹೆಣದಂಗ ಕುಂದರಬ್ಯಾಡ್ರಿ. ಸೀಟಿ ತಗೊಂಡು ಬರ್ರಿ, ಮಂದಿ ಕಾಯಾಕತ್ತೈತಿ." ಹೋದೆ. ಮುಂದೆ ಕುಷ್ಟಗಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಾಗಲೂ ಅಮಾವಾಸ್ಯೆಯ ಆಟ ತಪ್ಪಿಸಲಿಲ್ಲ.

ಲೀಗಿನ ಏಳನೆಯ ವರ್ಷ ಮುಕಾದಮರ ಎದೆ ಹಿಡಿಯಿತು. ತೌಡಿನ ದೂಳು ಪುಪ್ಪುಸದೊಳಗೆ ಕೂತಿದೆ, ಮನೆ ಬಿಟ್ಟು ಕದಲಬಾರದು ಎಂದರು ಡಾಕ್ಟರು. ಆದರೂ ಅವರು ಆಟದ ದಿನ ಬದುವಿನ ಮೇಲೆ ಕಂಬಳಿ ಹಾಸಿಕೊಂಡು ಕೂತು, ಕೆಮ್ಮುತ್ತ, ಸಾಲು ಒಡೆದವರನ್ನು ಬೈಯುತ್ತಿದ್ದರು. ಕುಷ್ಟಗಿಯವರೊಂದಿಗೆ ಆಟವಿದ್ದ ಅಮಾವಾಸ್ಯೆಗೆ ಮೂರು ದಿನ ಮುಂಚೆ ಮಧ್ಯಾಹ್ನ ಊಟದ ಹೊತ್ತಿಗೆ ತೀರಿಕೊಂಡರು.

ಆಟ ಬೇಡವೆಂದು ಹೇಳಲು ನಾವು ನಾಲ್ಕಾರು ಜನ ಅವರ ಮನೆಗೆ ಹೋದೆವು. ಅವರ ಹೆಂಡತಿ ಒಳಗಿನಿಂದ ಬಂದರು. "ನಾನು ಅಳೂದು ಮನ್ಯಾಗ ಅಳತೀನಿ. ನೀವು ಅಲ್ಲಿ ಹೋಗಿ ಆಡ್ರಿ. ಬಿಟ್ರ ಅವತ್ತು ಕೊಪ್ಪಳದಾಗ ಬ್ಯಾಡಂದ ಮಂದಿ ಗೆದ್ದಂಗ ಆಕ್ಕೈತಿ."

ಆಟದ ದಿನ ಗಂಗಾವತಿಯ ಕಡೆ ಒಬ್ಬ ಕಡಿಮೆ ಬಿದ್ದ. ಸೀಟಿಯನ್ನು ಬೇರೆಯವರ ಕೈಗೆ ಕೊಟ್ಟು, ಅಷ್ಟು ವರ್ಷ ಗೆರೆಯಾಚೆ ನಿಂತು ನೋಡಿದ ನಾನು ಸಾಲಿನಲ್ಲಿ ಬಗ್ಗಿ ನಿಂತೆ. ಮೊದಲ ಡಿಕ್ಕಿಗೇ ಕ್ವಾರಿಯ ಆಳೊಬ್ಬ ನನ್ನನ್ನು ನೆಲಕ್ಕೆ ಕೆಡವಿದ. ಬಾಯಲ್ಲಿ ಮಣ್ಣು, ಕಣ್ಣಲ್ಲಿ ಕತ್ತಲೆ. ಆತನೇ ಕೈ ಚಾಚಿ, "ಗಡಿಬಿಡಿ ಮಾಡಬ್ಯಾಡ್ರಿ ಮಾಸ್ತರ. ಉಸುರು ತಗೋರಿ, ಆಮ್ಯಾಲ ಏಳ್ರಿ" ಎಂದ.

ಉಸಿರು ತೆಗೆದುಕೊಂಡು ಎದ್ದೆ. ಆತ ಮತ್ತೆ ಎದುರಿಗೆ ಬಗ್ಗಿದ. ನಾನೂ ಬಗ್ಗಿದೆ. ಈ ಸಲ ಬಿದ್ದದ್ದು ಇಬ್ಬರೂ.