ತಮ್ಮನ ಬೋರ್‌ವೆಲ್ಲೂ ಬಾಯಿ ಮುಚ್ಚಿದ ಕುಂಡವೂ

ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಆಕೆಯನ್ನು ಊರೆಲ್ಲ ಕರೆಯುವುದು ಬಾಟಲಿ ಅಕ್ಕ ಎಂದೇ. ಮದುವೆಮನೆಯಲ್ಲಿ ಉಳಿದವರು ಹೆಣ್ಣಿನ ಒಡವೆ ನೋಡುತ್ತಿದ್ದರೆ ಈಕೆ ಕೈತೊಳೆಯುವ ನಲ್ಲಿಗೆ ಬಾಟಲಿ ಹಿಡಿದು ನಿಂತಿರುತ್ತಾಳೆ. ಮೊದಲ ಸಲ ಸಮುದ್ರ ಕಂಡಾಗಲೂ “ಅಬ್ಬಾ, ಇಷ್ಟೊಂದು ಸ್ಯಾಂಪಲ್ಲೇ!” ಅಂದಳಂತೆ.

ಇಂಥವಳ ತಮ್ಮ ಹೊಲದಲ್ಲಿ ಬೋರ್‌ವೆಲ್ ಕೊರೆಸಿದ. ನೀರು ಚಿಮ್ಮಿದ ರಭಸಕ್ಕೆ ಎರಡು ಮೋಡ ಒದ್ದೆಯಾದವು! ಟೊಮೇಟೊ ಸಸಿ ತಯಾರಿತ್ತು, ನಾಟಿಗೆ ಆಳುಗಳನ್ನೂ ಗೊತ್ತುಮಾಡಿದ್ದ. ಅಕ್ಕನ ಒಪ್ಪಿಗೆಯೊಂದು ಬಾಕಿ.

“ಏನು ನೀರು ಅಂತೀಯಕ್ಕಾ! ಚೂರು ಸೋಪು ಮುಟ್ಟಿಸಿದ್ರೆ ಬಚ್ಚಲು ತುಂಬಾ ನೊರೆ. ನನ್ನ ಹೆಂಡ್ತಿ ಅದರೊಳಗೆ ಕಳೆದೇ ಹೋಗಿದ್ಲು, ಹುಡುಕಿ ತಂದೆ.”

ಅಕ್ಕ ಅಳೆದಳು. ಒಟ್ಟು ಲವಣ ಕಮ್ಮಿಯೇ.

“ಹಾಗಾದ್ರೆ ಪಾಸು!” ಎಂದು ತಮ್ಮ ಎದ್ದೇಬಿಟ್ಟ.

ಅಕ್ಕನ ತಲೆಯೊಳಗೆ ಮಾತ್ರ ಆ ನೊರೆ ಇಳಿಯಲೊಲ್ಲದು. ಅಷ್ಟೊಂದು ನೊರೆ ಯಾಕೆ? ಮತ್ತೆ ಪರೀಕ್ಷೆಗಿಟ್ಟಳು. ನೊರೆಗೆ ಅಡ್ಡಬರುವ ಕ್ಯಾಲ್ಸಿಯಂ ಹೆಸರಿಗಷ್ಟೇ ಇತ್ತು. ಉಳಿದದ್ದೆಲ್ಲ ಸೋಡಿಯಂ ದರ್ಬಾರು.

“ನಿಂದು ಜೇಡಿಮಣ್ಣು ಕಣೋ. ಈ ಸೋಡಿಯಂ ಮಣ್ಣಿನ ಸಂದಿಗೊಂದಿ ಮುಚ್ಚಿಬಿಡುತ್ತೆ.”

“ನೀರು ಮಣ್ಣಿನ ಬಾಯಿ ಮುಚ್ಚುತ್ತಾ? ಯಾರಿಗೆ ಕಾಗೆ ಹಾರಿಸ್ತಿದ್ದೀಯ?”

“ವಾದ ಬೇಡ. ಒಂದು ಕುಂಡ ಮಣ್ಣು ತಗೊಂಡು ಬಾ.”

ಕುಂಡ ಅಡುಗೆಮನೆಯ ಕಿಟಕಿ ಸೇರಿತು. ದಿನವೂ ಬೆಳಿಗ್ಗೆ ಅದಕ್ಕೆ ಬೋರಿನ ನೀರು. ಮೊದಮೊದಲು ಅಡಿಯ ತೂತಿನಿಂದ ಹನಿ ಇಳಿಯುತ್ತಿತ್ತು. ವಾರ ಕಳೆಯುವಷ್ಟರಲ್ಲಿ ನಿಂತೇಹೋಯಿತು. ಮಣ್ಣಿನ ಮೇಲೆ ಮೀನಿನ ಜೋಡಿಯೊಂದು ಸಂಸಾರ ಹೂಡಿ ಮೊಮ್ಮಕ್ಕಳನ್ನು ಕಾಣುವಷ್ಟು ನೀರು ನಿಂತಿತ್ತು. ತಮ್ಮ ಬೆರಳು ಅದ್ದಿದ, ಅಂಟಂಟು ಕೆಸರು. ಅವನ ಮುಖ ಸಪ್ಪಗಾಯಿತು.

“ಇದರಲ್ಲಿ ಸಸಿ ನೆಟ್ಟಿದ್ರೆ?”

“ಬೇರು ಉಸಿರುಗಟ್ಟಿ ಸಾಯ್ತಿತ್ತು.”

“ಔಷಧಿ ಇಲ್ವಾ?”

ಅಕ್ಕ ನಿಂತ ನೀರು ಚೆಲ್ಲಿ, ಮಣ್ಣು ಒಣಗಲು ಬಿಟ್ಟಳು. ಆಮೇಲೆ ಕೆದಕಿ, ಕ್ಯಾಲ್ಸಿಯಂ ತುಂಬಿದ ಜಿಪ್ಸಮ್ ಪುಡಿ ಒಂದು ಹಿಡಿ ಬೆರೆಸಿ, ಕುಂಡವನ್ನು ನೆಲದ ಮೇಲೆ ಎರಡು ಇಟ್ಟಿಗೆಗೆ ಏರಿಸಿ, ಅದೇ ಬೋರಿನ ನೀರು ಹೊಯ್ದಳು. ಇಬ್ಬರೂ ಕುಕ್ಕರುಗಾಲಲ್ಲಿ ಕುಂಡದ ತಳವನ್ನೇ ನೋಡುತ್ತ ಕೂತರು. ಕಾಫಿ ಆರಿತು. ತಮ್ಮನ ಹೆಂಡತಿ ಬಂದು “ಇದೇನು ಮೊಟ್ಟೆ ಇಡುತ್ತಾ?” ಎಂದು ಹಂಗಿಸಿ ಹೋದಳು.

“ಶ್! ಬಂತು ಕಣಕ್ಕಾ!” ತೂತಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು.

“ಮೊದಲು ಹೊಲಕ್ಕೆ ಜಿಪ್ಸಮ್. ಆಮೇಲೆ ಅಲ್ಲಿನ ಮಣ್ಣನ್ನೂ ಹೀಗೇ ನೋಡೋಣ.”

“ಅಷ್ಟರಲ್ಲಿ ಸಸಿ ಬಲಿತುಹೋಗುತ್ತಲ್ಲಾ?”

“ಹೋಗುತ್ತೆ. ಬೇಕಾದವರಿಗೆ ಕೊಟ್ಟುಬಿಡು, ಹೊಸದಾಗಿ ಬಿತ್ತು.”

ತಮ್ಮ ತುಟಿ ಕಚ್ಚಿಕೊಂಡ. ಆಮೇಲೆ ನಾಟಿಯ ಆಳಿಗೆ ಫೋನು ಹಚ್ಚಿದ.

“ಈಗ ನಾಟಿ ಬೇಡಪ್ಪಾ. ನಮ್ಮ ಮಣ್ಣಿಗೆ ಇನ್ನೂ ನೀರು ಕುಡಿಯೋದು ಕಲಿಸ್ತಿದ್ದೀವಿ.”