ಗಾಜಿನ ಕೋಣೆಯಲ್ಲಿ ಮಾಡಿದ ಆಣೆ

ಅವಳನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಗರಿಗರಿ ಎಂದೇ. ಲಾಂಡ್ರಿಯಲ್ಲಿ ಅವಳ ಕೈಯಿಂದ ಇಸ್ತ್ರಿಯಾಗಿ ಬಂದ ಅಂಗಿಯ ಕಾಲರು ಸಂಜೆಯವರೆಗೂ ನೆಟ್ಟಗೆ ನಿಂತಿರುತ್ತಿತ್ತು. ಕೊಳೆ ಎಂದರೆ ಅವಳಿಗೆ ಹುಟ್ಟಾ ಹಗೆ. ಮನೆಗೆ ಬಂದವರು ಕೂತು ಎದ್ದರೆ ಸಾಕು, ಕುರ್ಚಿಯ ಮೇಲಿನ ಬಟ್ಟೆ ಬಕೆಟ್ಟಿಗೆ ಬೀಳುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಕೂತರೆ ನಮ್ಮನ್ನೂ ನೆನೆಹಾಕುತ್ತಾಳೆ ಎಂದು ಗೆಳತಿಯರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಗಂಡ ಹೊರದೇಶದಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದ. ರಜೆಗೆ ಬಂದು ಹೋಗುತ್ತಿದ್ದ. ಮಕ್ಕಳಾಗಲಿಲ್ಲ. ಅವನ ಅಕ್ಕ ಪಕ್ಕದ ಮನೆಯಲ್ಲೇ ಇದ್ದವಳು, ತನ್ನ ಎರಡನೇ ಮಗನನ್ನು ಕೊಡುತ್ತೇನೆಂದು ತಾನಾಗಿ ಮುಂದೆ ಬಂದಳು. ಗರಿಗರಿ ಒಪ್ಪಲಿಲ್ಲ. "ಹೆತ್ತವಳು ಗೋಡೆ ಆಚೆಗೇ ಇದ್ರೆ ಅದು ನನ್ನ ಮಗು ಹೇಗಾಗುತ್ತೆ ಅತ್ತಿಗೆ?" ಎಂದುಬಿಟ್ಟಳು. ಅತ್ತಿಗೆ ಆ ಮಾತನ್ನು ನುಂಗಿಕೊಂಡಳು. ಅರಗಿಸಿಕೊಳ್ಳಲಿಲ್ಲ.

ವರ್ಷಗಟ್ಟಲೆ ಅಲೆದ ಮೇಲೆ ಅನಾಥಾಲಯದಿಂದ ಒಂದು ಹೆಣ್ಣು ಮಗು ಸಿಕ್ಕಿತು. ಆಗಲೇ ಅಂಬೆಗಾಲಿಡುವ, ಮುಖ ಗುರುತಿಸುವ ವಯಸ್ಸು. ಕೋರ್ಟು, ಪಾಸ್‌ಪೋರ್ಟು, ವೀಸಾ ಎಂದು ಮುಗಿಯುವಷ್ಟರಲ್ಲಿ ತಿಂಗಳುಗಳೇ ಕಳೆದವು. ಅಷ್ಟೂ ದಿನ ಮಗು ಅಲ್ಲಿನ ಆಯಾಳ ಸೊಂಟದಲ್ಲೇ ಇತ್ತು. ಗರಿಗರಿಯ ಕೈಗೆ ಬಂದದ್ದು ಗಂಡನ ಬಳಿಗೆ ಹೊರಟು ವಿಮಾನ ಹತ್ತುವ ಹಿಂದಿನ ದಿನ.

ಆಯಾ ತನ್ನ ಹಳೆಯ ಶಾಲನ್ನೂ ಜೊತೆಗೆ ಕೊಟ್ಟಳು. ಅದರ ಅಂಚನ್ನು ಮೂಗಿಗೆ ಹಿಡಿದುಕೊಂಡರೇನೇ ಮಗುವಿಗೆ ನಿದ್ದೆ ಎಂದಳು. ಹಾಲು, ಬೆವರು, ತಲೆಯೆಣ್ಣೆ ಎಲ್ಲ ಸೇರಿದ ಕಮಟು ವಾಸನೆ ಶಾಲಿಗೆ. ಗರಿಗರಿ ಮನೆಗೆ ಬಂದು ಮಾಡಿದ ಮೊದಲ ಕೆಲಸವೆಂದರೆ ಅದನ್ನು ಬಿಸಿನೀರಿನಲ್ಲಿ ಅದ್ದಿ, ಸೋಪು ಹಚ್ಚಿ, ಕುಕ್ಕಿ ಒಗೆದದ್ದು. ಒಣಗಿಸಿ ಇಸ್ತ್ರಿಯನ್ನೂ ಹಾಕಿದಳು. ತನ್ನ ಮಗಳಿಗಾಗಿ ಮೊದಲ ಸಲ ಒಂದು ಕೆಲಸ ಮಾಡಿದ ಸಂಭ್ರಮ ಅವಳದು.

ಮಗು ಶಾಲನ್ನು ಮೂಸಿತು, ಎಸೆಯಿತು. ಆಮೇಲೆ ಅಳತೊಡಗಿತು. ಮಾಡಿದ ತಪ್ಪು ಗೊತ್ತಾಗುವಷ್ಟರಲ್ಲಿ ವಿಮಾನದಲ್ಲಿ ಬೆಲ್ಟು ಕಟ್ಟಿ ಆಗಿತ್ತು.

ಅತ್ತಿಗೆಯೂ ತಮ್ಮನ ಮನೆ ನೋಡಲೆಂದು ಜೊತೆಗೆ ಹೊರಟಿದ್ದಳು. ಅವಳು ರಫ್ತು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು, ಆ ದೇಶದ ಭಾಷೆ ಚೆನ್ನಾಗಿ ಬರುತ್ತಿತ್ತು. ಗರಿಗರಿಗೆ ನಾಲ್ಕು ಮಾತೂ ಬಾರದು. ಮಗು ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಎರಡೂ ಕೈಗಳಿಂದ ಗರಿಗರಿಯ ಎದೆಯನ್ನು ತಳ್ಳುತ್ತ ಚೀರುತ್ತಿತ್ತು. ಮುಂದಿನ ಸೀಟಿನವರು ತಿರುತಿರುಗಿ ನೋಡಿದರು. ಪಕ್ಕದವನು ಎದ್ದು ಬೇರೆ ಕಡೆ ಹೋದ. "ಕರುಳು ಸೋಕಿದ್ರೆ ತಾನೇ ಸುಮ್ಮನಾಗೋದು" ಎಂದು ಅತ್ತಿಗೆ ಕಿಟಕಿಗೆ ಹೇಳಿದಳು.

ಇಳಿದ ಮೇಲೆ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಮಗುವಿನ ಫೋಟೋವನ್ನೂ ಮಗುವನ್ನೂ ಹೋಲಿಸಿದ. ಫೋಟೋದಲ್ಲಿದ್ದದ್ದು ತಿಂಗಳುಗಳ ಹಿಂದಿನ ನಗುಮುಖದ ಕೂಸು. ಎದುರಿಗಿದ್ದದ್ದು ಮುಖವೆಲ್ಲ ಕೆಂಪಾಗಿ, ಎತ್ತಿಕೊಂಡವಳಿಂದ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದ ಮಗು. ಅವನೇನೋ ಕೇಳಿದ. ಗರಿಗರಿ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ನಿಧಾನವಾಗಿ, ಬೇಕಾದ್ದಕ್ಕಿಂತ ಉದ್ದವಾಗಿ ಉತ್ತರ ಹೇಳಿದಳು. ಅಧಿಕಾರಿಯ ಹುಬ್ಬು ಮೇಲೇರಿತು.

"ಏನು ಕೇಳಿದ್ರು ಅತ್ತಿಗೆ?"

"ನೀನು ಹೆತ್ತ ಮಗುನಾ ಅಂದ್ರು. ಅಲ್ಲ ಅಂದೆ. ಇದ್ದದ್ದು ಇದ್ದ ಹಾಗೆ ಹೇಳ್ಬೇಕಲ್ವಾ?"

ಮೂವರನ್ನೂ ಒಂದು ಗಾಜಿನ ಕೋಣೆಗೆ ಕರೆದೊಯ್ದರು. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಸರಪಳಿ ಹಾಕಿದ ಟಿವಿ. ಸಮವಸ್ತ್ರದ ಹೆಂಗಸೊಬ್ಬಳು ಬಂದು ಮಗುವನ್ನು ಎತ್ತಿಕೊಂಡಳು. ಅದು ಅವಳ ಹೆಗಲಿಗೆ ಮೂಗು ಒತ್ತಿ, ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು. ಅವಳು ಅಧಿಕಾರಿಯ ಕಡೆ ನೋಡಿದಳು. ಆ ನೋಟದ ಅರ್ಥ ತಿಳಿಯಲು ಯಾವ ಭಾಷೆಯೂ ಬೇಕಿರಲಿಲ್ಲ.

ಕಾಗದಗಳು ಸರಿಯಾಗಿದ್ದವು. ಆದರೂ ಸಂಶಯಕ್ಕೆ ಔಷಧಿ ಇರಲಿಲ್ಲ. ಅನಾಥಾಲಯಕ್ಕೆ ಫೋನು ಮಾಡಿದರು, ರಜೆ, ಯಾರೂ ಎತ್ತಲಿಲ್ಲ. ಹೊರಗೆ ಕಾಯುತ್ತಿದ್ದ ಗಂಡ ಮಗುವನ್ನು ಕಣ್ಣಾರೆ ಕಂಡವನೇ ಅಲ್ಲ, ಅವನ ಮಾತು ನಡೆಯಲಿಲ್ಲ. ಅಧಿಕಾರಿ ಅತ್ತಿಗೆಗೆ ವಿವರಿಸಿದ: ಮಗುವನ್ನು ಬಲ್ಲ ಮನೆಯವರೊಬ್ಬರು ಇದು ಇವರು ದತ್ತು ತೆಗೆದುಕೊಂಡ ಮಗುವೇ ಎಂದು ಸಹಿ ಮಾಡಿದರೆ ಬಿಡುತ್ತೇವೆ, ಇಲ್ಲವಾದರೆ ಮಗು ಮುಂದಿನ ವಿಮಾನಕ್ಕೆ ವಾಪಸ್ಸು.

ಅತ್ತಿಗೆ ಅದನ್ನು ಗರಿಗರಿಗೆ ಒಂದಕ್ಷರ ಬಿಡದೆ ಹೇಳಿದಳು. ಗರಿಗರಿ ಅವಳ ಕಾಲು ಹಿಡಿದಳು.

"ಸಹಿ ಮಾಡ್ತೀನಿ, ಏಳು" ಎಂದಳು ಅತ್ತಿಗೆ. ಅವಳ ಕೈ ಗರಿಗರಿಯ ಬೆನ್ನು ಸವರುತ್ತಿತ್ತು. "ಆದ್ರೆ ಒಂದು ಮಾತು. ಇದಕ್ಕೆ ಬುದ್ಧಿ ತಿಳಿಯೋ ಹೊತ್ತಿಗೆ ನೀನೇ ಕೂರಿಸ್ಕೊಂಡು ಹೇಳ್ಬೇಕು, ನಾನು ನಿನ್ನ ತಾಯಿ ಅಲ್ಲ ಅಂತ. ನನ್ನ ಮಗ ಬೇಡವಾದ ನಿನಗೆ ಅಷ್ಟಾದ್ರೂ ನೋವಾಗ್ಲಿ. ಮಗು ಮೇಲೆ ಆಣೆ ಮಾಡು."

ಅಧಿಕಾರಿ ಮೇಜಿನಾಚೆ ಕೂತು ಇಬ್ಬರನ್ನೂ ಕನಿಕರದಿಂದ ನೋಡುತ್ತಿದ್ದ. ದೊಡ್ಡವಳು ಚಿಕ್ಕವಳಿಗೆ ಸಮಾಧಾನ ಹೇಳುತ್ತಿದ್ದಾಳೆ ಎಂದುಕೊಂಡಿರಬೇಕು. ಒಂದು ಲೋಟ ನೀರನ್ನೂ ಮುಂದೆ ತಳ್ಳಿದ.

ಗರಿಗರಿ ಎದ್ದು ಹೋಗಿ, ಪರಹೆಂಗಸಿನ ಹೆಗಲ ಮೇಲೆ ನಿದ್ದೆಹೋಗಿದ್ದ ಮಗುವಿನ ತಲೆ ಮುಟ್ಟಿದಳು. ಆಣೆ ಮಾಡಿದಳು. ಅತ್ತಿಗೆ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದಳು.

ಆ ದೇಶದಲ್ಲಿ ಗರಿಗರಿಗೆ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಮಗು ಮೆಲ್ಲಗೆ ಅವಳಿಗೆ ಹೊಂದಿಕೊಂಡಿತು. ಆಮೇಲೆ ಎಷ್ಟು ಅಂಟಿಕೊಂಡಿತೆಂದರೆ, ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕೂತು "ಅಮ್ಮಾ, ಇದ್ದೀಯಾ?" ಎಂದು ಕೇಳುತ್ತಿತ್ತು. ಅಂಥ ಐದಾರು ವರ್ಷ ಅವಳ ಪಾಲಿಗೆ ಬಂದದ್ದು ನಿಜ.

ಆಣೆಯಂತೆ ಹೇಳುವುದು ಬೇಡವೆಂದ ಗಂಡ. ಹೇಳಲೇಬೇಕೆಂದಿದ್ದರೂ ದೊಡ್ಡವಳಾದ ಮೇಲೆ ಹೇಳೋಣ ಎಂದ. ಗರಿಗರಿಗೆ ಭಯ. ಹುಡುಗಿಗೆ ಜ್ವರ ಬಂದಾಗಲೆಲ್ಲ ಅವಳಿಗೆ ಆಣೆಯೇ ನೆನಪಾಗುತ್ತಿತ್ತು. ಒಮ್ಮೆ ಜ್ವರ ಇಳಿಯದೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಮನೆಗೆ ಕರೆತಂದ ದಿನವೇ ಕೂರಿಸಿಕೊಂಡು ಹೇಳಿದಳು. ಆಣೆಯ ಮಾತು ಇದ್ದಂತೆಯೇ, ಒಂದು ಪದವನ್ನೂ ಮೆತ್ತಗೆ ಮಾಡದೆ: "ನಾನು ನಿನ್ನ ತಾಯಿ ಅಲ್ಲ."

ಹುಡುಗಿ ಕೇಳಿದಳು, "ಅಪ್ಪಂಗೆ ಗೊತ್ತಾ?"

"ಗೊತ್ತು."

"ಅತ್ತೆಗೆ?"

"ಗೊತ್ತು."

"ಎಲ್ರಿಗೂ ಗೊತ್ತಿತ್ತು. ನಂಗೊಬ್ಳಿಗೇ ಗೊತ್ತಿರ್ಲಿಲ್ಲ."

ಅಂದಿನಿಂದ ಅವಳ ಬಾಯಲ್ಲಿ ಅಮ್ಮ ಎಂಬ ಮಾತು ಬರಲಿಲ್ಲ. ಬೈಯಲಿಲ್ಲ, ಮುನಿಸೂ ತೋರಿಸಲಿಲ್ಲ. ಕೂಗಬೇಕಾದರೆ ಎದ್ದು ಬಂದು ಎದುರಿಗೆ ನಿಲ್ಲುತ್ತಿದ್ದಳು, ಅಷ್ಟೆ. ಹದಿನೈದು ತುಂಬಿದರೂ ಹಾಗೇ. ಗರಿಗರಿ ಗೆಳತಿಯರಿಗೆ ಫೋನಿನಲ್ಲಿ, "ಎದುರಿಗೇ ಬಂದು ನಿಲ್ತಾಳಲ್ಲ, ನನಗದೇ ಲಾಭ" ಎಂದು ಹೇಳಿ ನಗಿಸಲು ನೋಡುತ್ತಿದ್ದಳು. ಯಾರಿಗೂ ನಗು ಬರುತ್ತಿರಲಿಲ್ಲ.

ಈ ವರ್ಷ ಗರಿಗರಿಯ ಶ್ವಾಸಕೋಶ ಕೈಕೊಟ್ಟಿತು. ಅತ್ತಿಗೆ ನೋಡಲು ಬಂದಳು, ಮುದುಕಿಯಾಗಿದ್ದಳು, ಮೆತ್ತಗಾಗಿದ್ದಳು. ಮಂಚದ ಅಂಚಿಗೆ ಕೂತು ಗರಿಗರಿಯ ಕಾಲೊತ್ತುತ್ತ, ಇಷ್ಟು ಅಕ್ಕರೆಯಿಂದ ಸಾಕಿದವಳನ್ನು ಹುಡುಗಿ ಯಾಕೆ ಬಾಯ್ತುಂಬ ಕರೆಯುವುದಿಲ್ಲ ಎಂದು ಕೇಳಿದಳು. ಗರಿಗರಿ ಉಸಿರು ಕೂಡಿಸಿಕೊಂಡು, ಗಾಜಿನ ಕೋಣೆಯ ಆಣೆಯನ್ನು ನೆನಪು ಮಾಡಿದಳು.

ಅತ್ತಿಗೆಯ ಕೈ ನಿಂತಿತು. ನಿಜವಾಗಿಯೂ ಯೋಚಿಸಿದಳು.

"ನಾನು ಹಾಗಂದಿದ್ನಾ? ಸಿಟ್ಟಲ್ಲಿ ಏನೋ ಅಂದಿರ್ಬೇಕು ಕಣೆ. ಆಮೇಲೆ ನಂಗೆ ನೆನಪೇ ಇಲ್ಲ. ನೀನು ಅದನ್ನ ಹಿಡ್ಕೊಂಡು ಹೇಳೇಬಿಟ್ಯಾ?"

ಗರಿಗರಿ ಗೋಡೆಯ ಕಡೆ ಹೊರಳಿದಳು. ಆಮೇಲೆ ಆ ವಾರವೆಲ್ಲ, ಉಸಿರು ನಿಲ್ಲುವವರೆಗೂ, ಅವಳು ಮಾತಾಡಿದ್ದನ್ನು ಯಾರೂ ಕೇಳಲಿಲ್ಲ.

ಅತ್ತಿಗೆ ಆ ಮಾತಾಡುವಾಗ ಹುಡುಗಿ ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ, ಮುಖದಲ್ಲಿ ಗೊತ್ತಾಗಲಿಲ್ಲ.

"ಸ್ವಲ್ಪ ಸರೀರಿ ಅತ್ತೆ," ಎಂದಳು, "ಇವರಿಗೆ ಮಾತ್ರೆ ಕೊಡ್ಬೇಕು."